ಒಳಗೆಳೆದುಕೊಂಡ ಹೌದು

ಊಮೆಯೊ ಪಟ್ಟಣದಲ್ಲಿ ಹೌದು ಅನ್ನುವುದಕ್ಕೆ
ಮಾತು ಬೇಕಿಲ್ಲ.
ತುಟಿ ಚೂಪು ಮಾಡಿ ಒಂದಿಷ್ಟು ಗಾಳಿ ಒಳಗೆಳೆದರೆ ಸಾಕು,
ಬಿಸಿ ಚಹಾ ತಾಗಿದ ನಾಲಿಗೆ ಮಾಡುವ ಸದ್ದು.

ಇದನ್ನು ನನಗೆ ಯಾರೂ ಹೇಳಿರಲಿಲ್ಲ.
ತೊಂಬತ್ತಮೂರರ ನವೆಂಬರು. ಪುರಸಭೆಯ ಮೇಜಿನಾಚೆ
ಗುನ್‌ಬ್ರಿಟ್ ಎಂಬ ದಪ್ಪ ಕನ್ನಡಕದ ಹೆಂಗಸು
ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ:
ಝ್ವೋರ್ನಿಕ್, ಡ್ರೀನಾ ನದಿ, ಬಸ್ಸು,
ಬಸ್ಸಿನಿಂದ ಅವರು ಇಳಿಸಿಕೊಂಡ ನನ್ನಣ್ಣ.
ಒಂದೊಂದು ಮಾತಿಗೂ ಅವಳು ಸರ್ರನೆ ಉಸಿರೆಳೆದಳು.
ಅಯ್ಯೋ, ಈಕೆಗೆಷ್ಟು ನೋಯುತ್ತಿದೆಯೋ ಅಂದುಕೊಂಡು
ಅಲ್ಲಿಗೇ ನಿಲ್ಲಿಸಿಬಿಟ್ಟೆ.
ಕಡತದಲ್ಲಿ ಇವತ್ತಿಗೂ ಅರ್ಧವೇ ಇದೆ.

ನಾಲ್ಕು ಚಳಿಗಾಲ ಕಳೆದ ಮೇಲೆ
ಅದೇ ಮೇಜಿನ ಆಚೆ ಬದಿಗೆ ನನಗೂ ಒಂದು ಕುರ್ಚಿ ಹಾಕಿದರು.
ಕೆಲಸಕ್ಕೆ ಇಟ್ಟ ಹೆಸರು ದೊಡ್ಡದು, ಬಾಗಿಲ ಫಲಕದಲ್ಲಿ
ಎರಡು ಸಾಲಿಗೂ ಹಿಡಿಯಲಿಲ್ಲ.
ಮಾಡಿದ್ದೇನು ಅಂದರೆ,
ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯ
ಸರದಿ ಪಟ್ಟಿ ಓದಲು ಕಲಿಸಿದೆ.
ಆರರಿಂದ ಎಂಟು ಅಂದರೆ ಆರರಿಂದ ಎಂಟೇ,
ಬಟ್ಟೆಯ ನಾರನ್ನು ಜಾಲರಿಯಿಂದ ತೆಗೆದು ಹೋಗಿ,
ಈ ದೇಶದಲ್ಲಿ ಯುದ್ಧ ಅಂತ ಆದರೆ
ಈ ಕೋಣೆಯಲ್ಲೇ ಶುರುವಾಗುತ್ತದೆ, ಅನ್ನುತ್ತಿದ್ದೆ.
ಯುದ್ಧ ಕಂಡವರೇ ಮೊದಲು ನಗುತ್ತಿದ್ದರು.

ಮತ್ತೆ, ಕೋಟಿಗೆ ಹೊಳೆಯುವ ಬಿಲ್ಲೆ ಸಿಕ್ಕಿಸಿದೆ.
ಮಧ್ಯಾಹ್ನ ಎರಡಕ್ಕೇ ಕತ್ತಲಾಗುವ ಊರು,
ಕಾರಿನ ದೀಪಕ್ಕೆ ಕಾಣಬೇಕಲ್ಲ.
ಕಾಣಿಸದಂತೆ ನಡೆದು ನಡೆದು
ಮೂರು ಗಡಿ ದಾಟಿ ಬಂದ ಜನಕ್ಕೆ
ಕಾಣಿಸಿಕೊಳ್ಳಿ ಅನ್ನುವುದು ಸುಲಭವಲ್ಲ.
ಹಾಬ್ತೋಮ್ ಎಂಬಾತ ಆ ಬಿಲ್ಲೆಯನ್ನು
ಕೋಟಿನ ಒಳಗಡೆ ಸಿಕ್ಕಿಸಿಕೊಂಡು ಓಡಾಡಿದ
ಎರಡು ವರ್ಷ.

ಜ಼ಮಾನನ ಮಾತು ಹೇಳಬೇಕು. ಹೇಳಲಾರೆ ಅಂತ
ಇಷ್ಟು ದಿನ ಬಿಟ್ಟಿದ್ದೆ.
ಗಜ್ನಿಯ ಹುಡುಗ. ವಯಸ್ಸು ಹದಿನೇಳು ಅಂತ ಅವನು,
ಹದಿನೆಂಟು ದಾಟಿದೆ ಅಂತ ಕಾಗದ.
ತೀರ್ಪು ನನ್ನದಲ್ಲ, ಮೊಹರು ನನ್ನದಲ್ಲ,
ಲಕೋಟೆ ಒಡೆದು ಓದಿ ಹೇಳುವುದಷ್ಟೇ ನನ್ನ ಪಾಲು.
ಓದಿದೆ. ಅವನು ನಿಧಾನಕ್ಕೆ ಕೇಳಿದ,
ಹಾಗಾದರೆ ನಾನು ಹೋಗಲೇಬೇಕಾ?
ಇಪ್ಪತ್ತು ವರ್ಷದ ರೂಢಿ, ನನಗೇ ಗೊತ್ತಾಗದೆ
ಉಸಿರು ಒಳಗೆಳೆದೆ.
ಅವನು ಗಾಬರಿಯಾದ.
ದಡಕ್ಕನೆ ಎದ್ದು ಹೋಗಿ ಕಾಗದದ ಲೋಟದಲ್ಲಿ
ನನಗೆ ನೀರು ತಂದುಕೊಟ್ಟ.
ಕುಡಿದೆ, ಪೂರ್ತಿ.

ಕಳೆದ ಶುಕ್ರವಾರ ನನ್ನ ಬೀಳ್ಕೊಡುಗೆ. ಹಸಿರು ಕೇಕು,
ಅದರ ಮೇಲೆ ಸೆನಾದಾ ಅಂತ ಸಕ್ಕರೆಯ ಅಕ್ಷರ.
ಮುಖ್ಯಾಧಿಕಾರಿ ಲೆಕ್ಕ ಓದಿದರು, ಎರಡು ಸಾವಿರದ ಚಿಲ್ಲರೆ ಕಡತ.
ಚಿಲ್ಲರೆಯಲ್ಲಿ ಯಾರ್‍ಯಾರಿದ್ದಾರೆ ಅಂತ
ನಾನು ಬಾಯಲ್ಲಿ ಕೇಕಿಟ್ಟುಕೊಂಡು ಎಣಿಸುತ್ತಿದ್ದೆ.

ಇವತ್ತು ನದಿಯಾಚೆಯ ವೃದ್ಧಾಶ್ರಮಕ್ಕೆ ಹೋಗಿದ್ದೆ.
ಗುನ್‌ಬ್ರಿಟ್‌ಗೆ ತೊಂಬತ್ತು. ನಾನು ಯಾರೆಂದು ತಿಳಿಯಲಿಲ್ಲ,
ಕೈ ಮಾತ್ರ ಬಿಡಲಿಲ್ಲ.
ಕಿಟಕಿಯಾಚೆ ನದಿಗೆ ಅಂಚಿನಿಂದ ಹೆಪ್ಪು ಕಟ್ಟುತ್ತಿತ್ತು.
ಏನನ್ನಿಸಿತೋ, ಉಳಿದ ಅರ್ಧ ಶುರು ಮಾಡಿದೆ,
ನನ್ನ ಭಾಷೆಯಲ್ಲೇ, ಅವಳಿಗೆ ಬಾರದ ಭಾಷೆಯಲ್ಲಿ:
ಅಣ್ಣ ಇಳಿಯುವಾಗ ತನ್ನ ಕೋಟು ಬಿಚ್ಚಿ
ನನ್ನ ಮಡಿಲಿಗೆ ಎಸೆದ,
ಜೇಬಿನಲ್ಲಿ ಅರ್ಧ ತಿಂದ ಸೇಬಿತ್ತು.

ಅವಳು ಉಸಿರೆಳೆದಳು.
ಮುಂದಿನದಕ್ಕೂ ಎಳೆದಳು.
ಹೌದು ಅಂದಳೋ, ನೊಂದಳೋ,
ಎರಡರ ನಡುವೆ ಇಲ್ಲೇ ಬದುಕಿದ ನಾನೂ
ಈಗ ಹೇಳಲಾರೆ.

ಬಸ್ಸಿನ ತನಕ ಮುಗಿಯಿತು, ಚೆಕ್‌ಪೋಸ್ಟಿನದು ಬಾಕಿ.
ಗಡಿಯಾರ ನೋಡಿ ಎದ್ದೆ.
ಆರು ಗಂಟೆಗೆ ನನ್ನ ಒಗೆತದ ಸರದಿ.